ಸ್ತನ ಕ್ಯಾನ್ಸರ್: ಬದುಕಿನ ಭರವಸೆ ಅಳೆಯುವ ಪ್ರೋಟೀನ್‌ಗಳು

ಬಯಾಪ್ಸಿ ವರದಿಯ ಕೊನೆಯ ನಾಲ್ಕು ಸಾಲುಗಳಲ್ಲಿ ಅಡಗಿದೆ ಚಿಕಿತ್ಸೆಯ ದಾರಿ. ಆ ಸಾಲುಗಳು ಸರಿಯಿರಬೇಕಾದರೆ ಗಡ್ಡೆಯ ಚೂರು ಮೊದಲ ಒಂದು ಗಂಟೆಯಲ್ಲಿ ಎಲ್ಲಿತ್ತು ಎಂಬುದೂ ಮುಖ್ಯ.

ಶಿವಮೊಗ್ಗ: ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ವೈದ್ಯರು ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆಲವು ದಿನಗಳ ನಂತರ ವರದಿ ಬಂತು. ಅದರಲ್ಲಿ ಕ್ಯಾನ್ಸರ್ ಎಂಬ ಶಬ್ದ ಕಂಡೊಡನೆ ಮನೆಮಂದಿಯ ಕಣ್ಣು ಮುಂದಿನ ಸಾಲುಗಳಿಗೆ ಹೋಗುವುದೇ ಇಲ್ಲ. 'ಎಷ್ಟು ದಿನ ಬದುಕುತ್ತಾರೆ?' ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ.

ಆ ಪ್ರಶ್ನೆಗೆ ಉತ್ತರದ ಒಂದು ಭಾಗ ಅದೇ ಕಾಗದದ ಕೆಳಗೆ, ಅಥವಾ ಅದರ ಹಿಂದೆ ಬರುವ ಎರಡನೇ ವರದಿಯಲ್ಲಿ ಇರುತ್ತದೆ. ಇಆರ್, ಪಿಆರ್, ಹರ್-2, ಕೆಐ-67 ಎಂಬ ನಾಲ್ಕು ಹೆಸರುಗಳು, ಅವುಗಳ ಮುಂದೆ ಒಂದೊಂದು ಅಂಕಿ ಅಥವಾ 'ಪಾಸಿಟಿವ್', 'ನೆಗೆಟಿವ್' ಎಂಬ ಷರಾ. ಇವು ಗಡ್ಡೆಯ ಜೀವಕೋಶಗಳಲ್ಲಿ ಇರುವ ಅಥವಾ ಇಲ್ಲದ ಪ್ರೋಟೀನ್‌ಗಳ ಲೆಕ್ಕ. ವೈದ್ಯಕೀಯ ಪರಿಭಾಷೆಯಲ್ಲಿ ಇವುಗಳಿಗೆ ಬಯೋಮಾರ್ಕರ್, ಅಂದರೆ ಜೈವಿಕ ಸೂಚಕ ಎಂದು ಹೆಸರು.

ಶಿವಮೊಗ್ಗ ನಗರದ ನಿವಾಸಿಯಾಗಲಿ, 20 ಕಿ.ಮೀ. ದೂರದ ಭದ್ರಾವತಿಯವರಾಗಲಿ, ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಶಿವಮೊಗ್ಗದಲ್ಲೇ ಉಳಿಯಬೇಕೇ, ಬೆಂಗಳೂರು, ಮಣಿಪಾಲ ಅಥವಾ ಮಂಗಳೂರಿಗೆ ಹೋಗಬೇಕೇ ಎಂದು ಯೋಚಿಸುವ ಹೊತ್ತಿಗೆ ಈ ನಾಲ್ಕು ಸಾಲುಗಳು ಕೈಯಲ್ಲಿರಬೇಕು. ಏಕೆಂದರೆ ಯಾವ ಔಷಧಿ, ಎಷ್ಟು ಕಾಲ, ಎಷ್ಟು ಖರ್ಚು ಎಂಬುದೆಲ್ಲ ನಿರ್ಧಾರವಾಗುವುದು ಬಹುಮಟ್ಟಿಗೆ ಇವುಗಳಿಂದಲೇ.

ಒಂದೇ ಹೆಸರು, ಹಲವು ರೋಗ

ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಒಂದೇ ಗಾತ್ರದ ಗಡ್ಡೆ ಇರುವ, ಒಂದೇ ವಯಸ್ಸಿನ ಇಬ್ಬರು ಮಹಿಳೆಯರಲ್ಲಿ ಒಬ್ಬರು ಮಾತ್ರೆ ನುಂಗುತ್ತ ಇಪ್ಪತ್ತು ವರ್ಷ ಆರೋಗ್ಯವಾಗಿ ಇರಬಹುದು, ಇನ್ನೊಬ್ಬರಲ್ಲಿ ಎರಡೇ ವರ್ಷದಲ್ಲಿ ರೋಗ ಮರುಕಳಿಸಬಹುದು. ಹೊರನೋಟಕ್ಕೆ ಕಾಣದ ಈ ವ್ಯತ್ಯಾಸ ಜೀವಕೋಶದ ಒಳಗಿನ ಪ್ರೋಟೀನ್‌ಗಳಲ್ಲಿದೆ.

ಮೊದಲ ಎರಡು ಸಾಲುಗಳಾದ ಇಆರ್ ಮತ್ತು ಪಿಆರ್ ಎಂದರೆ ಈಸ್ಟ್ರೋಜನ್ ಹಾಗೂ ಪ್ರೊಜೆಸ್ಟರಾನ್ ಹಾರ್ಮೋನ್‌ಗಳ ಗ್ರಾಹಕಗಳು. ಹಾರ್ಮೋನ್ ಕೀಲಿಕೈಯಾದರೆ ಗ್ರಾಹಕವು ಬೀಗ. ಈ ಬೀಗವಿರುವ ಕ್ಯಾನ್ಸರ್ ಕೋಶಗಳು ದೇಹದಲ್ಲಿರುವ ಹೆಣ್ತನದ ಹಾರ್ಮೋನ್‌ನಿಂದಲೇ ಪೋಷಣೆ ಪಡೆದು ಬೆಳೆಯುತ್ತವೆ. ಹಾಗಾದರೆ ಹಾರ್ಮೋನನ್ನು ತಡೆದರೆ ಕ್ಯಾನ್ಸರ್ ಸೊರಗಬೇಕಲ್ಲವೇ? 1896ರಲ್ಲೇ ಸ್ಕಾಟ್ಲೆಂಡಿನ ಶಸ್ತ್ರಚಿಕಿತ್ಸಕ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದಾಗ ಸ್ತನದ ಗಡ್ಡೆ ಕುಗ್ಗಿದ ಪ್ರಕರಣಗಳನ್ನು ದಾಖಲಿಸಿದ್ದರು. ಕಾರಣ ಆಗ ತಿಳಿದಿರಲಿಲ್ಲ. ಅಮೆರಿಕದ ವಿಜ್ಞಾನಿ ಎಲ್ವುಡ್ ಜೆನ್ಸನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ಈಸ್ಟ್ರೋಜನ್ ಗ್ರಾಹಕವನ್ನು ಗುರುತಿಸಿದಾಗ ಒಗಟು ಬಿಡಿಸಿತು.

ನೂರು ಕ್ಯಾನ್ಸರ್ ಕೋಶಗಳಲ್ಲಿ ಒಂದರಲ್ಲಾದರೂ ಇಆರ್ ಕಂಡರೆ ವರದಿಯಲ್ಲಿ ಪಾಸಿಟಿವ್ ಎಂದು ಬರೆಯಲಾಗುತ್ತದೆ. ಶೇ. 1ರಿಂದ 10ರಷ್ಟು ಮಾತ್ರ ಇದ್ದರೆ ಅದನ್ನು 'ಕಡಿಮೆ ಪಾಸಿಟಿವ್' ಎಂದು ಪ್ರತ್ಯೇಕವಾಗಿ ನಮೂದಿಸಬೇಕೆಂಬುದು 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ. 'ಪಾಸಿಟಿವ್' ಎಂಬ ಪದ ಕಂಡು ಗಾಬರಿಯಾಗುವವರು ಅನೇಕರಿದ್ದಾರೆ. ಇಲ್ಲಿ ಪಾಸಿಟಿವ್ ಎಂದರೆ ಒಳ್ಳೆಯ ಸುದ್ದಿ. ರೋಗಕ್ಕೆ ಒಂದು ಹಿಡಿ ಸಿಕ್ಕಿತು, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ ಎಂದು ಅರ್ಥ.

ಆ ಮಾತ್ರೆಗಳಲ್ಲಿ ಹಳೆಯದೂ ಅಗ್ಗದ್ದೂ ಆದದ್ದು ಟ್ಯಾಮೋಕ್ಸಿಫೆನ್. ಇಆರ್ ಪಾಸಿಟಿವ್ ಇರುವವರು ಇದನ್ನು ಐದು ವರ್ಷ ತಪ್ಪದೆ ಸೇವಿಸಿದರೆ ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ ಎಂಬುದು ಸಾವಿರಾರು ಮಹಿಳೆಯರ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಸಾರ. ಮುಟ್ಟು ನಿಂತವರಿಗೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮುಂತಾದ ಮಾತ್ರೆಗಳಿವೆ. ಇಆರ್ ನೆಗೆಟಿವ್ ಇದ್ದವರಿಗೆ ಈ ಯಾವ ಮಾತ್ರೆಯಿಂದಲೂ ಪ್ರಯೋಜನವಿಲ್ಲ.

ಕೆಟ್ಟ ಸೂಚನೆಯೇ ಗುರಿಯಾದಾಗ

ಮೂರನೇ ಸಾಲು ಹರ್-2. ಇದು ಜೀವಕೋಶದ ಮೇಲ್ಮೈಯಲ್ಲಿ ನಿಂತು 'ಬೆಳೆ, ಇಬ್ಭಾಗವಾಗು' ಎಂಬ ಸಂದೇಶವನ್ನು ಒಳಕ್ಕೆ ರವಾನಿಸುವ ಪ್ರೋಟೀನ್. ಸ್ತನ ಕ್ಯಾನ್ಸರ್ ರೋಗಿಗಳ ಪೈಕಿ ಸುಮಾರು ಶೇ. 15ರಿಂದ 20 ಮಂದಿಯ ಗಡ್ಡೆಯಲ್ಲಿ ಇದು ಅತಿಯಾಗಿ ತುಂಬಿರುತ್ತದೆ. ಕ್ಯಾಲಿಫೋರ್ನಿಯಾದ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ, ಇಂತಹ ರೋಗಿಗಳಲ್ಲಿ ಕ್ಯಾನ್ಸರ್ ಬೇಗ ಮರುಕಳಿಸುತ್ತದೆ, ಬದುಕುಳಿಯುವ ಅವಧಿ ಕಡಿಮೆ ಎಂದು ತೋರಿಸಿತು.

ಅಂದರೆ ಹರ್-2 ಆಗ ಕೇವಲ ಅಪಶಕುನವಾಗಿತ್ತು. ಆದರೆ ಅಪಾಯವನ್ನು ಗುರುತಿಸುವ ಪ್ರೋಟೀನನ್ನೇ ಗುರಿಯಾಗಿಸಿ ಔಷಧಿ ತಯಾರಿಸಬಹುದೆಂಬ ಆಲೋಚನೆ ಚಿತ್ರವನ್ನು ಬದಲಿಸಿತು. ಹರ್-2ಕ್ಕೆ ಅಂಟಿಕೊಂಡು ಅದರ ಸಂದೇಶವನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 1998ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಶಸ್ತ್ರಚಿಕಿತ್ಸೆಯ ನಂತರ ಬರೀ ಕೀಮೊಥೆರಪಿ ಪಡೆದ ಹರ್-2 ಪಾಸಿಟಿವ್ ಮಹಿಳೆಯರಲ್ಲಿ ಹತ್ತು ವರ್ಷಗಳ ಬಳಿಕ ಶೇ. 75 ಮಂದಿ ಬದುಕಿದ್ದರೆ, ಟ್ರಾಸ್ಟುಜುಮ್ಯಾಬ್ ಕೂಡ ಪಡೆದವರಲ್ಲಿ ಶೇ. 84 ಮಂದಿ ಬದುಕಿದ್ದರು ಎಂದು ಅಮೆರಿಕದ ಎರಡು ಪ್ರಯೋಗಗಳ ಜಂಟಿ ವಿಶ್ಲೇಷಣೆ 2014ರಲ್ಲಿ ವರದಿ ಮಾಡಿತು. ಪ್ರತಿ ನೂರರಲ್ಲಿ ಒಂಬತ್ತು ಜೀವಗಳ ವ್ಯತ್ಯಾಸ ಇದು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೈಲಾನ್ ಜತೆಗೂಡಿ ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮ್ಯಾಬ್‌ನ ಸಮಾನ ಔಷಧಿ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಅದೇ ಔಷಧಿಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆಯೂ ಸಿಕ್ಕಿತು. ಮೂಲ ಔಷಧಿಯ ಬೆಲೆಗೆ ಸ್ಪರ್ಧಿಗಳು ಹುಟ್ಟಿಕೊಂಡಿದ್ದು ಹೀಗೆ.

ಹರ್-2 ಅನ್ನು 0, 1+, 2+, 3+ ಎಂಬ ನಾಲ್ಕು ಮೆಟ್ಟಿಲಲ್ಲಿ ಬರೆಯುತ್ತಾರೆ. 0 ಮತ್ತು 1+ ನೆಗೆಟಿವ್. 3+ ಪಾಸಿಟಿವ್. 2+ ಎಂದರೆ ಸಂದೇಹ. ಅಂತಹ ಸಂದರ್ಭದಲ್ಲಿ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿ ಜೀನ್‌ಗಳ ಸಂಖ್ಯೆಯನ್ನೇ ಎಣಿಸಬೇಕಾಗುತ್ತದೆ. ವರದಿಯಲ್ಲಿ 2+ ಎಂದಿದ್ದು ಮುಂದಿನ ಪರೀಕ್ಷೆ ಆಗಿಲ್ಲವಾದರೆ ಆ ವರದಿ ಅಪೂರ್ಣ ಎಂದೇ ತಿಳಿಯಬೇಕು. ದೇಹದ ಬೇರೆಡೆಗೆ ಹಬ್ಬಿದ ಕ್ಯಾನ್ಸರ್‌ನಲ್ಲಿ 1+ ಅಥವಾ ಫಿಶ್ ನೆಗೆಟಿವ್ ಆದ 2+ ಇರುವವರಿಗೂ ಪ್ರಯೋಜನವಾಗುವ ಹೊಸ ಔಷಧಿಯೊಂದರ ಫಲಿತಾಂಶ 2022ರಲ್ಲಿ ಪ್ರಕಟವಾದ ಮೇಲಂತೂ 0ಗೂ 1+ಗೂ ನಡುವಿನ ಗೆರೆಗೂ ಬೆಲೆ ಬಂದಿದೆ.

ನಾಲ್ಕನೇ ಸಾಲಿನ ಕೆಐ-67 ವೇಗಮಾಪಕವಿದ್ದಂತೆ. ಎಷ್ಟು ಶೇಕಡಾ ಕೋಶಗಳು ಆ ಗಳಿಗೆಯಲ್ಲಿ ವಿಭಜನೆಯಲ್ಲಿ ತೊಡಗಿವೆ ಎಂಬುದನ್ನು ಅದು ಹೇಳುತ್ತದೆ. ಆದರೆ ಇದರ ಎಣಿಕೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ. ಶೇ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಧಾನ, ಶೇ. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗ ಎಂದು ನಂಬಬಹುದು, ನಡುವಿನ ಅಂಕಿಗಳನ್ನು ಮಾತ್ರ ನೆಚ್ಚಿ ಚಿಕಿತ್ಸೆ ನಿರ್ಧರಿಸಬಾರದು ಎಂದು ಅಂತಾರಾಷ್ಟ್ರೀಯ ತಜ್ಞರ ತಂಡ 2021ರಲ್ಲಿ ಸ್ಪಷ್ಟಪಡಿಸಿದೆ. ಕೆಐ-67 ಶೇ. 18 ಇತ್ತು, ಈಗ ಬೇರೆ ಕಡೆ ಶೇ. 24 ಬಂದಿದೆ ಎಂದು ಕಂಗೆಡುವ ಅಗತ್ಯವಿಲ್ಲ.

ಮೂರೂ ನೆಗೆಟಿವ್ ಆದರೆ?

ಇಆರ್, ಪಿಆರ್, ಹರ್-2 ಮೂರೂ ಇಲ್ಲದ ಬಗೆಗೆ 'ಟ್ರಿಪಲ್ ನೆಗೆಟಿವ್' ಎಂದು ಹೆಸರು. ಹಾರ್ಮೋನ್ ಮಾತ್ರೆಯಾಗಲಿ ಟ್ರಾಸ್ಟುಜುಮ್ಯಾಬ್ ಆಗಲಿ ಇದಕ್ಕೆ ನಾಟದು. ಪಾಶ್ಚಾತ್ಯ ದೇಶಗಳಲ್ಲಿ ಇದರ ಪ್ರಮಾಣ ಶೇ. 15ರ ಆಸುಪಾಸಿನಲ್ಲಿದ್ದರೆ, ಭಾರತದ ಅನೇಕ ಆಸ್ಪತ್ರೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸುಮಾರು ಶೇ. 30ರಷ್ಟು ಕಂಡುಬಂದಿದೆ. ನಮ್ಮಲ್ಲಿ ಕಿರಿಯ ವಯಸ್ಸಿನ ರೋಗಿಗಳು ಹೆಚ್ಚಿರುವುದು ಇದಕ್ಕೆ ಒಂದು ಕಾರಣ. ಇರುವ ಗ್ರಾಹಕವನ್ನು ಪರೀಕ್ಷೆ ಪತ್ತೆಮಾಡದೆ ಹೋಗುವುದು ಇನ್ನೊಂದು ಕಾರಣವಾಗಿರಬಹುದೆಂಬ ಶಂಕೆಯೂ ತಜ್ಞರಲ್ಲಿದೆ.

ಟ್ರಿಪಲ್ ನೆಗೆಟಿವ್ ಎಂದರೆ ಮರಣಶಾಸನವಲ್ಲ. ಈ ಬಗೆಯ ಗಡ್ಡೆಗಳು ಕೀಮೊಥೆರಪಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ಕೀಮೊಥೆರಪಿ ಕೊಟ್ಟು ಗಡ್ಡೆ ಪೂರ್ತಿ ಕರಗಿಹೋದರೆ ಅಂತಹವರ ಭವಿಷ್ಯ ಬಹಳ ಆಶಾದಾಯಕ. ಮರುಕಳಿಸುವುದಿದ್ದರೆ ಬಹುತೇಕ ಮೊದಲ ಮೂರರಿಂದ ಐದು ವರ್ಷಗಳಲ್ಲೇ ಮರುಕಳಿಸುತ್ತದೆ. ಆ ಅವಧಿ ದಾಟಿದವರ ಅಪಾಯ ಗಣನೀಯವಾಗಿ ಇಳಿಯುತ್ತದೆ.

ಇಆರ್ ಪಾಸಿಟಿವ್ ಬಗೆಯ ನಡೆ ಇದಕ್ಕೆ ತದ್ವಿರುದ್ಧ. ಆರಂಭದ ವರ್ಷಗಳಲ್ಲಿ ಅಪಾಯ ಕಡಿಮೆ. ಆದರೆ ಐದು ವರ್ಷದ ಮಾತ್ರೆ ಮುಗಿಸಿದ ಬಳಿಕವೂ, ಇಪ್ಪತ್ತು ವರ್ಷಗಳವರೆಗೂ ಅಲ್ಪ ಪ್ರಮಾಣದ ಅಪಾಯ ಉಳಿದೇ ಇರುತ್ತದೆ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. 'ಈಗ ಆರಾಮಾಗಿದ್ದೇನೆ, ಮಾತ್ರೆ ಯಾಕೆ?' ಎಂದು ಎರಡೇ ವರ್ಷಕ್ಕೆ ನಿಲ್ಲಿಸುವವರು ಕಳೆದುಕೊಳ್ಳುವುದು ಇಲ್ಲಿಯೇ.

ಶೇ. 66 ಎಂದರೆ ಏನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ದೇಶದ 11 ಪ್ರದೇಶಗಳ ಕ್ಯಾನ್ಸರ್ ನೋಂದಣಿ ಆಧರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2012ರಿಂದ 2015ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದ 17,331 ಮಹಿಳೆಯರಲ್ಲಿ ಐದು ವರ್ಷಗಳ ಬದುಕುಳಿಯುವ ಪ್ರಮಾಣ ಶೇ. 66.4. ಜಾಗತಿಕ ಮಟ್ಟದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಭಾರತದ ಪ್ರಮಾಣ ಶೇ. 66, ಅಮೆರಿಕದ್ದು ಶೇ. 90.

'ಐದು ವರ್ಷದ ಬದುಕು' ಎಂಬ ಮಾತು ಎಷ್ಟೋ ಮನೆಗಳಲ್ಲಿ ತಪ್ಪಾಗಿ ಅರ್ಥವಾಗುತ್ತದೆ. ಐದು ವರ್ಷ ಮಾತ್ರ ಬದುಕುತ್ತಾರೆ ಎಂದಲ್ಲ. ನೂರು ಮಂದಿಯನ್ನು ಐದು ವರ್ಷ ಗಮನಿಸಿದಾಗ 66 ಮಂದಿ ಬದುಕಿದ್ದಾರೆ ಎಂದಷ್ಟೇ ಅದರ ಅರ್ಥ. ಅವರಲ್ಲಿ ಹಲವರು ಮುಂದೆ ದಶಕಗಳ ಕಾಲ ಬದುಕಬಹುದು. ಜತೆಗೆ ಅದು ಎಲ್ಲ ಹಂತ, ಎಲ್ಲ ಬಗೆಯ ರೋಗಿಗಳನ್ನು ಕಲಸಿದ ಸರಾಸರಿ.

ಸರಾಸರಿಯನ್ನು ಬಿಡಿಸಿ ನೋಡಿದರೆ ನಿಜವಾದ ಪಾಠ ಕಾಣುತ್ತದೆ. ಅದೇ ಅಧ್ಯಯನದಲ್ಲಿ ಕ್ಯಾನ್ಸರ್ ಸ್ತನದಲ್ಲಷ್ಟೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಶೇ. 81. ಸುತ್ತಲಿನ ಭಾಗ ಅಥವಾ ಕಂಕುಳಿನ ಗ್ರಂಥಿಗಳಿಗೆ ಹಬ್ಬಿದ್ದವರಲ್ಲಿ ಶೇ. 65.5. ದೂರದ ಅಂಗಗಳಿಗೆ ಹರಡಿದ್ದವರಲ್ಲಿ ಕೇವಲ ಶೇ. 18.3. ಯಾವ ಪ್ರೋಟೀನ್ ಇದೆ ಎಂಬುದು ಮುಖ್ಯವೇ. ಆದರೆ ಎಷ್ಟು ಬೇಗ ಆಸ್ಪತ್ರೆಗೆ ಬಂದರು ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ.

ಹಿಂದೆ ರೋಗದ ಹಂತವನ್ನು ಗಡ್ಡೆಯ ಗಾತ್ರ, ಗ್ರಂಥಿ, ಹರಡುವಿಕೆ ಈ ಮೂರರಿಂದಷ್ಟೇ ನಿರ್ಧರಿಸುತ್ತಿದ್ದರು. 2018ರಿಂದ ಜಾರಿಗೆ ಬಂದ ಅಂತಾರಾಷ್ಟ್ರೀಯ ಹಂತ ನಿರ್ಣಯ ಪದ್ಧತಿಯ ಎಂಟನೇ ಆವೃತ್ತಿ ಇಆರ್, ಪಿಆರ್, ಹರ್-2 ಮತ್ತು ಗಡ್ಡೆಯ ಶ್ರೇಣಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು. ಹೀಗಾಗಿ ಒಂದೇ ಗಾತ್ರದ ಗಡ್ಡೆಯ ಇಬ್ಬರು ರೋಗಿಗಳು ಈಗ ಬೇರೆ ಬೇರೆ ಹಂತದಲ್ಲಿರಬಹುದು.

ಚೂರಿನ ಪಯಣ

ಇಷ್ಟೆಲ್ಲ ನಿರ್ಧಾರ ನಿಂತಿರುವುದು ಒಂದು ಮಾಂಸದ ಚೂರಿನ ಮೇಲೆ. ಪ್ರೋಟೀನ್ ಬಲು ಸೂಕ್ಷ್ಮ. ದೇಹದಿಂದ ಹೊರಬಂದ ಕ್ಷಣದಿಂದಲೇ ಅದು ಕೆಡಲಾರಂಭಿಸುತ್ತದೆ. ಆದ್ದರಿಂದ ತೆಗೆದ ಚೂರನ್ನು ಒಂದು ಗಂಟೆಯೊಳಗೆ ಹದವಾದ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಬೇಕು. ದೊಡ್ಡ ಗಡ್ಡೆಯಾದರೆ ಸೀಳಿ ಇಡಬೇಕು, ಇಲ್ಲದಿದ್ದರೆ ದ್ರಾವಣ ಒಳಭಾಗಕ್ಕೆ ಇಳಿಯದು. ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಅದು ಫಾರ್ಮಲಿನ್‌ನಲ್ಲಿ ಇರಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಆಮೇಲೆ ಅದನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸಿ, ಆಯಾ ಪ್ರೋಟೀನ್‌ಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಹಾಕುತ್ತಾರೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಮೂಡುತ್ತದೆ. ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು ಆ ಕಂದು ಕೋಶಗಳನ್ನೇ. ಐಎಚ್‌ಸಿ ಎಂದು ಚೀಟಿಯಲ್ಲಿ ಬರೆದಿರುವುದು ಈ ಪರೀಕ್ಷೆಯ ಹೆಸರು.

ಮಹಾನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಪ್ರಯೋಗಾಲಯಕ್ಕೆ ಕೆಲವೇ ಹೆಜ್ಜೆ. ತಾಲ್ಲೂಕು ಪಟ್ಟಣದ ಸಣ್ಣ ಆಸ್ಪತ್ರೆಯಿಂದ ಹೊರಟ ಚೂರಿಗೆ ಹಾಗಲ್ಲ. ಅದು ಡಬ್ಬಿಯಲ್ಲಿ ಕುಳಿತು ಬೇರೊಂದು ಊರಿನ ಪ್ರಯೋಗಾಲಯ ಸೇರಬೇಕು. ಶನಿವಾರ ಮಧ್ಯಾಹ್ನ ತೆಗೆದ ಗಡ್ಡೆಯ ಡಬ್ಬಿ ಭಾನುವಾರ ರಜೆ ಕಳೆದು, ಸೋಮವಾರ ಕೊರಿಯರ್ ಏರಿ, ಮಂಗಳವಾರ ಸಂಜೆ ತೆರೆಯಿತೆಂದರೆ 72 ಗಂಟೆಯ ಗಡಿ ಮೀರಿತು. ಡಬ್ಬಿ ಚಿಕ್ಕದು, ಗಡ್ಡೆ ದೊಡ್ಡದು, ದ್ರಾವಣ ತಳದಲ್ಲಿ ಸ್ವಲ್ಪ ಎಂದಾದರೆ ಇನ್ನೂ ಕಷ್ಟ. ಚೂರಿನ ಹತ್ತು ಪಟ್ಟು ದ್ರಾವಣ ಇರಬೇಕೆಂಬುದು ನಿಯಮ.

ಕೆಟ್ಟ ಚೂರಿನಲ್ಲಿ ಇರುವ ಗ್ರಾಹಕ ಕಾಣದೆ ಹೋಗಬಹುದು. ಆಗ ಇಆರ್ ಪಾಸಿಟಿವ್ ಆದ ಮಹಿಳೆಗೆ ನೆಗೆಟಿವ್ ವರದಿ ಬರುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಸಿಗಬೇಕಾದ ರಕ್ಷಣೆ ಅವರಿಗೆ ಸಿಗುವುದೇ ಇಲ್ಲ. ತಪ್ಪು ಎಲ್ಲಿ ನಡೆಯಿತೆಂಬುದು ಯಾರಿಗೂ ಗೊತ್ತಾಗುವುದೂ ಇಲ್ಲ. ಪ್ರೋಟೀನ್ ಪರೀಕ್ಷೆಯ ವಿಷಯದಲ್ಲಿ ಊರಿನ ದೂರ ಜೀವಕ್ಕೆ ತಟ್ಟುವುದು ಹೀಗೆ.

ಇದಕ್ಕಿಂತಲೂ ಗಂಭೀರವಾದದ್ದು 'ಸಾಮಾನ್ಯ ಗಂಟು' ಎಂದು ಭಾವಿಸಿ ಬಯಾಪ್ಸಿ ಇಲ್ಲದೆ ಕತ್ತರಿಸಿ ತೆಗೆಯುವುದು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸದಿದ್ದರೆ ಕ್ಯಾನ್ಸರ್ ಇತ್ತೋ ಇಲ್ಲವೋ, ಇದ್ದರೆ ಯಾವ ಬಗೆಯದೋ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮೊದಲು ದಪ್ಪ ಸೂಜಿಯ ಬಯಾಪ್ಸಿ, ಅದರಲ್ಲಿಯೇ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ, ಅನಂತರ ಚಿಕಿತ್ಸೆಯ ಯೋಜನೆ ಎಂಬುದು ಸರಿಯಾದ ಕ್ರಮ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ರಕ್ತ ಪರೀಕ್ಷೆ ಸಾಲದೇ?

'ಕ್ಯಾನ್ಸರ್ ಪತ್ತೆಯ ರಕ್ತ ಪರೀಕ್ಷೆ' ಎಂದು ಸಿಎ 15-3, ಸಿಇಎ ಮುಂತಾದವನ್ನು ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಸೇರಿಸುವುದುಂಟು. ಇವೂ ಪ್ರೋಟೀನ್‌ಗಳೇ. ಆದರೆ ಆರಂಭಿಕ ಸ್ತನ ಕ್ಯಾನ್ಸರ್‌ನಲ್ಲಿ ಬಹುತೇಕ ಇವುಗಳ ಮಟ್ಟ ಏರುವುದಿಲ್ಲ. ಯಕೃತ್ತಿನ ತೊಂದರೆಯಂತಹ ಬೇರೆ ಕಾರಣಗಳಿಂದ ಏರುವುದೂ ಉಂಟು. ಹಾಗಾಗಿ ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಇವನ್ನು ಬಳಸಬಾರದು. ಹರಡಿದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿರುವಾಗ ಔಷಧಿ ನಾಟುತ್ತಿದೆಯೇ ಎಂದು ಇತರ ಪರೀಕ್ಷೆಗಳ ಜತೆ ನೋಡಲು ಇವುಗಳ ಉಪಯೋಗವಿದೆ. ರಕ್ತ ಪರೀಕ್ಷೆ ನಾರ್ಮಲ್ ಬಂತೆಂದು ಕೈಗೆ ಸಿಕ್ಕುವ ಗಂಟನ್ನು ಅಲಕ್ಷಿಸುವುದು ಅಪಾಯಕಾರಿ.

ಬೆಂಗಳೂರಿನ ಸಂಶೋಧನೆ

ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಆದ ಆರಂಭಿಕ ಕ್ಯಾನ್ಸರ್‌ನಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ: ಶಸ್ತ್ರಚಿಕಿತ್ಸೆ ಮತ್ತು ಮಾತ್ರೆ ಸಾಕೇ, ಕೀಮೊಥೆರಪಿಯೂ ಬೇಕೇ? ಅಮೆರಿಕದಲ್ಲಿ 21 ಜೀನ್‌ಗಳನ್ನು ಅಳೆಯುವ ಪರೀಕ್ಷೆ ಇದಕ್ಕೆ ಬಳಕೆಯಲ್ಲಿದೆ. ಕಂಕುಳಿನ ಗ್ರಂಥಿಗೆ ಹಬ್ಬದ ಇಂತಹ ಕ್ಯಾನ್ಸರ್ ಇದ್ದ 10,273 ಮಹಿಳೆಯರು ಪಾಲ್ಗೊಂಡ, 2018ರಲ್ಲಿ ಪ್ರಕಟವಾದ ಪ್ರಯೋಗವು ಅವರಲ್ಲಿ ಬಹುಪಾಲು ಜನರಿಗೆ ಕೀಮೊಥೆರಪಿಯ ಅಗತ್ಯವಿಲ್ಲ ಎಂದು ತೋರಿಸಿತು. ಆದರೆ ಭಾರತದ ಮಧ್ಯಮ ವರ್ಗಕ್ಕೆ ಆ ಪರೀಕ್ಷೆಯ ದರ ನಿಲುಕದು.

ಬೆಂಗಳೂರಿನ ಆಂಕೊಸ್ಟೆಮ್ ಡಯಾಗ್ನಾಸ್ಟಿಕ್ಸ್ ಸಂಸ್ಥೆ ಜೀನ್‌ಗಳ ಬದಲು ಪ್ರೋಟೀನ್‌ಗಳನ್ನೇ ಆಧರಿಸಿ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆ ರೂಪಿಸಿತು. ಸಿಡಿ44, ಎಬಿಸಿಸಿ4, ಎಬಿಸಿಸಿ11, ಎನ್-ಕ್ಯಾಡ್‌ಹೆರಿನ್, ಪ್ಯಾನ್-ಕ್ಯಾಡ್‌ಹೆರಿನ್ ಎಂಬ ಐದು ಸೂಚಕಗಳನ್ನು ಗಡ್ಡೆಯ ಗಾತ್ರ, ಶ್ರೇಣಿ, ಗ್ರಂಥಿಗಳ ಸ್ಥಿತಿಯ ಜತೆ ಕಂಪ್ಯೂಟರ್ ಲೆಕ್ಕಾಚಾರಕ್ಕೆ ಒಳಪಡಿಸಿ, ಐದು ವರ್ಷದೊಳಗೆ ದೂರದ ಅಂಗಗಳಿಗೆ ರೋಗ ಹಬ್ಬುವ ಅಪಾಯ ಕಡಿಮೆಯೋ ಹೆಚ್ಚೋ ಎಂದು ಅದು ಹೇಳುತ್ತದೆ. 857 ರೋಗಿಗಳ ಮಾದರಿಗಳ ಮೇಲಿನ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಡಿಮೆ ಅಪಾಯದ ಗುಂಪಿನಲ್ಲಿ ಶೇ. 95, ಹೆಚ್ಚು ಅಪಾಯದ ಗುಂಪಿನಲ್ಲಿ ಶೇ. 80 ಮಂದಿಗೆ ಐದು ವರ್ಷ ರೋಗ ಹಬ್ಬಿರಲಿಲ್ಲ. ಹಳೆಯ ಮಾದರಿಗಳನ್ನು ಹಿಂದಿರುಗಿ ನೋಡಿ ಮಾಡಿದ ಅಧ್ಯಯನ ಇದು ಎಂಬುದನ್ನು ನೆನಪಿಡಬೇಕು. ಎಲ್ಲರಿಗೂ ಇಂತಹ ಪರೀಕ್ಷೆ ಬೇಕಿಲ್ಲ. ಟ್ರಿಪಲ್ ನೆಗೆಟಿವ್ ಅಥವಾ ಹರ್-2 ಪಾಸಿಟಿವ್ ಆದವರಿಗೆ ಇದು ಅನ್ವಯಿಸುವುದೂ ಇಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡವೂ ಸ್ಥಳೀಯ ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಗಡ್ಡೆಗಳ ಸೂಚಕಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ಪಾಶ್ಚಾತ್ಯ ಮಹಿಳೆಯರ ಅಂಕಿಅಂಶದಿಂದ ತಯಾರಾದ ಲೆಕ್ಕ ನಮ್ಮವರಿಗೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರಬೇಕಾದುದು ಇಂತಹ ಕೆಲಸದಿಂದಲೇ.

ಅರ್ಧದಲ್ಲಿ ನಿಲ್ಲುವ ಚಿಕಿತ್ಸೆ

ಸೂಚಕ ಚಿಕಿತ್ಸೆಯ ದಾರಿ ತೋರಿಸುತ್ತದೆ, ಆ ದಾರಿಯಲ್ಲಿ ನಡೆಸುವುದಿಲ್ಲ. ಹರ್-2 ಪಾಸಿಟಿವ್ ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಅನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡಲಾಗುತ್ತದೆ. ಅಂದರೆ ಹದಿನೇಳು ಹದಿನೆಂಟು ಬಾರಿ ಆಸ್ಪತ್ರೆಗೆ ಹೋಗಬೇಕು. ನಡುನಡುವೆ ಹೃದಯದ ಸಾಮರ್ಥ್ಯ ನೋಡಲು ಎಕೋ ಪರೀಕ್ಷೆ. ಭದ್ರಾವತಿಯ ಮಹಿಳೆ ಇದಕ್ಕಾಗಿ ಪ್ರತಿಸಲ ಬೆಂಗಳೂರಿನ ರೈಲು ಹತ್ತಬೇಕಾದರೆ ಜತೆಗೊಬ್ಬರು ಬೇಕು, ಅವರ ಕೂಲಿ ಹೋಗುತ್ತದೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಯೋಜನೆ ಒಂದೆಡೆ ನಿಶ್ಚಯಿಸಿ, ಚುಚ್ಚುಮದ್ದು ಹತ್ತಿರದ ಆಸ್ಪತ್ರೆಯಲ್ಲಿ ಪಡೆಯಲು ಸಾಧ್ಯವೇ ಎಂದು ಮೊದಲ ಭೇಟಿಯಲ್ಲೇ ವೈದ್ಯರನ್ನು ಕೇಳುವುದು ಒಳಿತು.

ಖರ್ಚಿನ ವಿಷಯದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ನೆರವಾಗುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಲಭ್ಯ. ಉಳಿದ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ನೆರವು. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ವಿಚಾರಿಸಬೇಕು. ಜಿಲ್ಲೆಯವರಿಗೆ ಇದರ ಬಾಗಿಲು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದಂದಿನಿಂದ ರಾಜ್ಯದ ಬಡ ಕ್ಯಾನ್ಸರ್ ರೋಗಿಗಳ ಆಸರೆಯಾಗಿದೆ.

ಮಲೆನಾಡಿನಲ್ಲಿ ನಾಟಿ ಔಷಧಿಯ ನಂಬಿಕೆ ಆಳವಾಗಿದೆ. ಸಾಗರ ತಾಲ್ಲೂಕಿನ ನರಸೀಪುರಕ್ಕೆ ಕ್ಯಾನ್ಸರ್ ಔಷಧಿಗಾಗಿ ದೇಶದ ನಾನಾ ಭಾಗಗಳಿಂದ ಜನ ಬಂದು ಸಾಲುಗಟ್ಟಿ ನಿಲ್ಲುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಹತಾಶೆಯಲ್ಲಿ ಮನುಷ್ಯ ಎಲ್ಲ ಬಾಗಿಲೂ ತಟ್ಟುತ್ತಾನೆ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ನಾಟಿ ಔಷಧಿ ನೋಡೋಣ, ಆಮೇಲೆ ಆಪರೇಷನ್ ಎಂದು ಕಾಯುವ ಆರು ತಿಂಗಳಲ್ಲಿ ಶೇ. 81ರ ಗುಂಪಿನಲ್ಲಿದ್ದವರು ಶೇ. 65ರ ಗುಂಪಿಗೆ ಜಾರಬಹುದು. ಆ ಕಾಲವನ್ನು ಯಾವ ಪ್ರೋಟೀನ್ ಪರೀಕ್ಷೆಯೂ ಮರಳಿ ತಂದುಕೊಡದು.

ಬೇಗ ಪತ್ತೆಮಾಡಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಕೇಂದ್ರ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ಎರಡು ದಶಕ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ತಪಾಸಣೆ ಮಾಡಿದ ಗುಂಪಿನಲ್ಲಿ ರೋಗ ಮೊದಲೇ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ತಗ್ಗಿತು. 30 ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಇಂತಹ ತಪಾಸಣೆ ಸರಕಾರಿ ಆರೋಗ್ಯ ಕಾರ್ಯಕ್ರಮದ ಭಾಗವೂ ಆಗಿದೆ.

ವರದಿ ಕೈಗೆ ಬಂದಾಗ

* ಇಆರ್, ಪಿಆರ್, ಹರ್-2 ಮೂರೂ ನಮೂದಾಗಿವೆಯೇ ನೋಡಿ. ಇಲ್ಲದಿದ್ದರೆ ಚಿಕಿತ್ಸೆ ಆರಂಭಿಸುವ ಮುನ್ನ ಕೇಳಿ.

* ಇಆರ್ ಮುಂದೆ ಬರೀ ಪಾಸಿಟಿವ್, ನೆಗೆಟಿವ್ ಸಾಲದು, ಶೇಕಡಾವಾರು ಇರಬೇಕು.

* ಹರ್-2 ಎದುರು 2+ ಇದ್ದರೆ ಫಿಶ್ ಪರೀಕ್ಷೆ ಯಾವಾಗ ಎಂದು ವಿಚಾರಿಸಿ.

* ಮೇಣದ ಅಚ್ಚು, ಅಂದರೆ 'ಬ್ಲಾಕ್' ಮತ್ತು ಗಾಜಿನ ಸ್ಲೈಡುಗಳನ್ನು ಲಿಖಿತ ಮನವಿ ಕೊಟ್ಟು ಪಡೆದುಕೊಳ್ಳಬಹುದು. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ಅವು ಜತೆಗಿರಲಿ. ವರದಿಯ ಬಗ್ಗೆ ಅನುಮಾನ ಬಂದರೆ ಅದೇ ಬ್ಲಾಕ್‌ನಿಂದ ಮತ್ತೆ ಪರೀಕ್ಷೆ ಮಾಡಿಸಬಹುದು. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

* ವರ್ಷಗಳ ನಂತರ ರೋಗ ಮರುಕಳಿಸಿದರೆ ಹಳೆಯ ವರದಿಯನ್ನೇ ನೆಚ್ಚಬೇಡಿ. ಗ್ರಾಹಕಗಳು ಬದಲಾಗಿರಬಹುದು, ಸಾಧ್ಯವಿದ್ದರೆ ಹೊಸ ಬಯಾಪ್ಸಿ ಅಗತ್ಯ.

* ಹಾರ್ಮೋನ್ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ. ಅಡ್ಡಪರಿಣಾಮ ಕಂಡರೆ ತಿಳಿಸಿ, ಬದಲಿ ಮಾತ್ರೆಗಳಿವೆ.

ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, 98 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಈ ಸಾವುಗಳಲ್ಲಿ ಎಲ್ಲವನ್ನೂ ತಪ್ಪಿಸಲು ಇಂದಿನ ವಿಜ್ಞಾನಕ್ಕೆ ಆಗದು. ಆದರೆ ಗಂಟು ಕಂಡ ವಾರದಲ್ಲೇ ವೈದ್ಯರ ಬಳಿ ಹೋಗುವುದು, ತೆಗೆದ ಚೂರು ಗಂಟೆಯೊಳಗೆ ಫಾರ್ಮಲಿನ್ ಸೇರುವುದು, ಬರೆದುಕೊಟ್ಟ ಮಾತ್ರೆಯನ್ನು ಐದು ವರ್ಷ ನುಂಗುವುದು ಇವಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ವರದಿಯ ಕೊನೆಯ ನಾಲ್ಕು ಸಾಲುಗಳಿಗೆ ಅರ್ಥ ಬರುವುದು ಈ ಮೂರೂ ನಡೆದಾಗ.